ರೈಲಯ್ಯನ ಮಾತುಗಳೂ ಅಜ್ಜಂಪುರದ ಹುಳವೂ

ನಮ್ಮ ಮನೆಯಲ್ಲಿ ಆಲೂಗೆಡ್ಡೆ ಬೇಯಿಸುವ ದಿನ ನಾನು ಅಡುಗೆಮನೆಯ ಕಡೆ ತಲೆ ಹಾಕುವುದಿಲ್ಲ. ಕುಕ್ಕರ್ ಇಡುವುದು, ಇಳಿಸುವುದು, ಸಿಪ್ಪೆ ಸುಲಿಯುವುದು ಎಲ್ಲ ನನ್ನ ಗಂಡನ ಪಾಲು. ಪಲ್ಯವಾಗಿ ತಟ್ಟೆಗೆ ಬಂದ ಮೇಲೆ ಚಪ್ಪರಿಸಿಕೊಂಡು ತಿನ್ನುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಕುಕ್ಕರಿನ ಮುಚ್ಚಳ ತೆಗೆದಾಗ ಬರುವ ಆ ಮಣ್ಣು ಬೆರೆತ ಹಬೆ ಮೂಗಿಗೆ ಬಿದ್ದರೆ ಸಾಕು, ಕಾಲು ತಾನಾಗಿ ನೆಲ ಬಿಟ್ಟು ಕುರ್ಚಿಯ ಮೇಲೇರುತ್ತದೆ. ಹೈಸ್ಕೂಲು ಮಕ್ಕಳಿಗೆ ವ್ಯಾಕರಣ ಕಲಿಸುವ ನಡುವಯಸ್ಸಿನ ಹೆಂಗಸು, ಶಿವಮೊಗ್ಗದ ಎರಡನೇ ಮಹಡಿಯ ಮನೆಯಲ್ಲಿ ಕಾಲು ಮಡಚಿಕೊಂಡು ಕೂರುವುದನ್ನು ನೋಡಿ ನನ್ನವರು ಮೊದಮೊದಲು ನಗುತ್ತಿದ್ದರು. ಈಗ ಸುಮ್ಮನೆ ಕಿಟಕಿ ತೆಗೆಯುತ್ತಾರೆ. ಇದು ಅಜ್ಜಂಪುರದ ಒಂದು ಮಳೆಗಾಲ ನನಗೆ ಅಂಟಿಸಿದ ರೋಗ.

ಆ ವರ್ಷ ನನಗೆ ಬೆಂಗಳೂರಿನಿಂದ ಅಜ್ಜಂಪುರಕ್ಕೆ ವರ್ಗವಾಯಿತು. ಇನ್ನೂ ಮದುವೆಯಾಗಿರಲಿಲ್ಲ. ಚಾಮರಾಜಪೇಟೆಯಲ್ಲಿ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಬೆಳೆದವಳು ನಾನು. ಹಾವನ್ನು ಗಾಜಿನ ಆಚೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ, ಗಾಜಿನ ಆಚೆ ನೋಡಿದ್ದಕ್ಕೇ ಚಿಕ್ಕಂದಿನಲ್ಲಿ ಜ್ವರ ಬಂದಿತ್ತಂತೆ. ವರ್ಗದ ಆದೇಶ ಕೈಗೆ ಬಂದಾಗ ಅಮ್ಮ ಊಟ ತಿಂಡಿಯ ಚಿಂತೆ ಮಾಡಿದರೆ ನಾನು ಹಾವಿನ ಚಿಂತೆ ಮಾಡಿದೆ.

ಹೋಗುವ ಮೊದಲೇ ಒಂದು ಕೆಲಸವೂ ಕೊರಳಿಗೆ ಬಿದ್ದಿತ್ತು. ಚಿಕ್ಕಮಗಳೂರಿನ ಒಂದು ಸಣ್ಣ ಓದುಗರ ಬಳಗ ರೈಲಯ್ಯನವರ ಮಾತುಗಳನ್ನು ಒಟ್ಟುಮಾಡಿ ಪುಸ್ತಕ ತರಬೇಕೆಂದು ಹೊರಟಿತ್ತು. ರೈಲಯ್ಯ ಎಂದರೆ ಆ ಸೀಮೆಯವರು ಪ್ರೀತಿಯಿಂದ ಇಟ್ಟ ಹೆಸರು. ಬೇರೆ ರಾಜ್ಯದಿಂದ ಬಂದು ಅಜ್ಜಂಪುರದ ಹತ್ತಿರದ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ಟರಾಗಿದ್ದವರು, ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಕಲಿತು, ಹುಲ್ಲು, ಹಕ್ಕಿ, ಹಾವು, ಕಲ್ಲು, ಮಳೆಗಳ ಬಗ್ಗೆ ಕನ್ನಡದಲ್ಲೇ ಬರೆದು ತೀರಿಕೊಂಡವರು. ಪುಸ್ತಕಗಳಲ್ಲಿರುವ ಮಾತುಗಳನ್ನು ಆರಿಸುವುದು ಕಷ್ಟವಲ್ಲ. ಜನರ ಬಾಯಲ್ಲಿ ಉಳಿದಿರುವವನ್ನು ಹುಡುಕಿ ತರಬೇಕು, ಹೇಗೂ ಅಲ್ಲಿಗೇ ಹೋಗುತ್ತಿದ್ದೀರಲ್ಲ ಎಂದರು ಬಳಗದವರು. ನಾನು ಹಿಗ್ಗಿ ಒಪ್ಪಿಕೊಂಡೆ.

ಬಾಡಿಗೆಗೆ ಸಿಕ್ಕಿದ್ದು ಊರಾಚೆ, ರೈಲು ಗೇಟಿನ ಹತ್ತಿರ, ಚಂದ್ರಣ್ಣನವರ ಮನೆಯ ಪಕ್ಕದ ಕೋಣೆ. ಮುಂದೆ ಈರುಳ್ಳಿ ಹೊಲ, ಹಿಂದೆ ತೆಂಗಿನ ತೋಟ. ಚಂದ್ರಣ್ಣ ಕೊಬ್ಬರಿ, ಈರುಳ್ಳಿ ವ್ಯಾಪಾರಕ್ಕೆಂದು ತರೀಕೆರೆ, ಕಡೂರು ಸುತ್ತುತ್ತಲೇ ಇರುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಅವರ ಹೆಂಡತಿ ಸರೋಜಕ್ಕ ಮತ್ತು ತಾಯಿ ಗೌರಜ್ಜಿ. ಸರೋಜಕ್ಕ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೆಳಿಗ್ಗೆ ಕೊರಳಿನ ಲಿಂಗಕ್ಕೆ ಪೂಜೆ ಮುಗಿಸಿ ಹೊರಗೆ ಬಂದರೆ ಸಂಜೆಯ ತನಕ ಕೂತದ್ದು ನಾನು ಕಂಡಿಲ್ಲ. ಬಚ್ಚಲು ಮನೆಯ ಹಿಂದೆ, ಹಂಡೆ ಒಲೆ ಅಲ್ಲೇ, ಒಲೆಗೆ ಹಾಕುವ ಒಣ ತೆಂಗಿನ ಗರಿಗಳ ರಾಶಿಯೂ ಅದರ ಪಕ್ಕದಲ್ಲೇ. ಆ ಗರಿಯ ರಾಶಿಯನ್ನು ಕಂಡ ದಿನವೇ, ಹಾವು ಅಡಗಲು ಇದಕ್ಕಿಂತ ಜಾಗ ಬೇಕೇ ಎಂದುಕೊಂಡೆ.

ಅದರ ಮೇಲೆ ನಮ್ಮ ಶಾಲೆಯ ವಿಜ್ಞಾನದ ಮೇಡಂ ಒಬ್ಬರು, ಹಾವು ಆಕಳಿಸಿದರೆ ಬೇಯಿಸಿದ ಆಲೂಗೆಡ್ಡೆಯ ವಾಸನೆ ಬರುತ್ತದೆ ಎಂದು ಊಟದ ಹೊತ್ತಿನಲ್ಲಿ ಹೇಳಿಬಿಟ್ಟರು. ವಿಜ್ಞಾನದವರು ಹೇಳಿದ ಮೇಲೆ ನಂಬದೆ ಇರುವುದು ಹೇಗೆ? ಅವತ್ತಿನಿಂದ ನನ್ನ ಮೂಗು ನಾಯಿಯ ಮೂಗಾಯಿತು. ಬಚ್ಚಲಿಗೆ ಹೋಗುವಾಗ ಒಂದು ಕೋಲಿನಿಂದ ನೆಲ ಕುಟ್ಟುತ್ತಾ ಹೋಗುತ್ತಿದ್ದೆ. ಚಪ್ಪಲಿ ಕೊಡವಿ, ದಿಂಬು ಕೊಡವಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಒತ್ತಿ ಮಲಗುತ್ತಿದ್ದೆ. ಒಂದು ಸಂಜೆ ನಿಜಕ್ಕೂ ಆ ವಾಸನೆ ಬಂತು. ಹೊಸಿಲಿನಲ್ಲೇ ನಿಂತು, ಇಲ್ಲಿ ಹಾವಿದೆಯಾ ಸರೋಜಕ್ಕ ಎಂದು ಕೂಗಿದೆ.

ಸರೋಜಕ್ಕನ ಮುಖ ಬಿಗಿಯಾಯಿತು. ಒಳಗೆ ದೀಪ ಹಚ್ಚಿ ಕೂತಿದ್ದ ಗೌರಜ್ಜಿ ತಿರುಗಿ ನೋಡಿದರು.

"ದೀಪ ಹಚ್ಚಿದ್ಮ್ಯಾಲೆ ಏನೇನೋ ಮಾತಾಡ್ಬ್ಯಾಡಿ ಮೇಡಮ್ಮ," ಎಂದರು ಸರೋಜಕ್ಕ. ಆಮೇಲೆ ತಟ್ಟೆ ತುಂಬ ಬಿಸಿ ಆಲೂ ಬೋಂಡ ತಂದು ಮುಂದಿಟ್ಟು ನಗಲು ಶುರುಮಾಡಿದವರು ವಾರವಿಡೀ ನಿಲ್ಲಿಸಲಿಲ್ಲ. ಬೀದಿಯ ಹೆಂಗಸರಿಗೆಲ್ಲ ಮೇಡಮ್ಮನ ಆಲೂಗೆಡ್ಡೆ ಕತೆ ಹಂಚಿದರು. ನಾನು ಕೋಲು ಕುಟ್ಟುವುದನ್ನು ಕಂಡರಂತೂ, ನೆಲ ಏನು ತಪ್ಪು ಮಾಡಿತು ಅಂತ ಹೊಡೆಯುತ್ತೀರಿ ಎಂದು ಕೇಳುತ್ತಿದ್ದರು.

ಅಷ್ಟಾದರೂ ನನಗೆ ಒಂದು ಸಮಾಧಾನವಿತ್ತು. ದಿನಗಳು ಕಳೆದವು, ಮಳೆ ಹಿಡಿಯಿತು, ಆ ಮನೆಯಲ್ಲಿ ಒಬ್ಬರಾದರೂ ಹಾವು ಕಂಡೆ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ಹೇಳುತ್ತಿದ್ದುದೆಲ್ಲ ಹುಳದ ಮಾತು. ಕೊಟ್ಟಿಗೆ ಹತ್ರ ಹುಳ ಐತೆ, ಆ ಕಡೆ ಹೋಗ್ಬ್ಯಾಡಿ. ನೆನ್ನೆ ಬಾವಿಕಟ್ಟೆ ಮೇಲೆ ಹುಳ ಮಲಗಿತ್ತು. ಗರಿ ಎತ್ತುವಾಗ ಹುಳ ಪಳ ನೋಡ್ಕೊಂಡು ಎತ್ತು. ಮಳೆಗಾಲ ಅಂದ ಮೇಲೆ ಹುಳ ಹುಪ್ಪಟೆ ಇರುವುದೇ, ಕಂಬಳಿಹುಳವೋ ಜರಿಯೋ ಇರಬೇಕು ಎಂದು ನಾನು ಚಪ್ಪಲಿಯ ಕಾಲಿನಲ್ಲಿ ಧಾರಾಳವಾಗಿ ಓಡಾಡಿದೆ. ಒಂದು ದಿನ ಚಂದ್ರಣ್ಣ ದಾರಿಯಲ್ಲಿ ಕೈ ಅಡ್ಡ ಹಿಡಿದು, ತಾಳಿ ಮೇಡಂ, ಹುಳ ಹೋಗಲಿ ಎಂದಾಗ, ಹುಲ್ಲಿನಲ್ಲಿ ಏನೂ ಕಾಣದೆ, ಮನಸ್ಸಿನಲ್ಲೇ ನಕ್ಕೆ. ಒಂದು ಹುಳಕ್ಕೆ ದಾರಿ ಬಿಡುವ ಗಂಡಸು! ಇದನ್ನು ಓದುತ್ತಿರುವವರಲ್ಲಿ ಹಳ್ಳಿಯವರಿದ್ದರೆ ಈಗಾಗಲೇ ಹಣೆ ಚಚ್ಚಿಕೊಳ್ಳುತ್ತಿರುತ್ತಾರೆ. ಕನ್ನಡದಲ್ಲಿ ಎಂ.ಎ. ಮಾಡಿದವಳಿಗೆ ಆ ಮಾತು ಗೊತ್ತಿರಲಿಲ್ಲ, ಏನು ಮಾಡಲಿ.

ಇತ್ತ ರೈಲಯ್ಯನವರ ಮಾತುಗಳ ಬೇಟೆ ಜೋರಾಗಿ ನಡೆದಿತ್ತು. ರಜೆಯ ದಿನ ಬಸ್ಸು ಹತ್ತಿ ಕಡೂರಿಗೆ, ಸಿಂಗಟಗೆರೆಗೆ, ಸಖರಾಯಪಟ್ಟಣಕ್ಕೆ ಹೋಗಿ ಅವರನ್ನು ಕಂಡಿದ್ದ ಹಿರಿಯರನ್ನು ಮಾತಾಡಿಸುತ್ತಿದ್ದೆ. ಮಾತುಗಳು ಬೇಕಾದಷ್ಟು ಸಿಗುತ್ತಿದ್ದವು, ಅದರಲ್ಲಿ ಅರ್ಧ ರೈಲಯ್ಯನವರದ್ದೇ ಅಲ್ಲ. ಕ್ಯಾಲೆಂಡರಿನ ಹಿಂದಿನದು, ಸಿನಿಮಾದ್ದು, ಮಠದ ಸ್ವಾಮಿಗಳ ಪ್ರವಚನದ್ದು, ಎಲ್ಲವನ್ನೂ ಆ ಪುಣ್ಯಾತ್ಮರ ತಲೆಗೆ ಕಟ್ಟಿದ್ದರು. ಸಿಂಗಟಗೆರೆಯಲ್ಲಿ ಒಬ್ಬರು ಟೀ ಪುಡಿಯ ಜಾಹೀರಾತನ್ನೇ ಅವರ ಮಾತೆಂದು ಗಂಭೀರವಾಗಿ ಹೇಳಿದರು. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುವುದೇ ನನ್ನ ಕೆಲಸವಾಯಿತು. ಉಳಿದವು ಮಾತ್ರ ಚಿನ್ನದಂಥವು. "ನಿಲ್ದಾಣದಲ್ಲಿ ಇಳಿಯುವವರಿಗಿಂತ ಹಳಿಯ ಪಕ್ಕ ಮೊಳೆಯುವವರೇ ಹೆಚ್ಚು" ಎಂದಿದ್ದರು. "ಹುಲ್ಲು ಯಾರ ಅಪ್ಪಣೆ ಕೇಳಿ ಹಸಿರಾಗುವುದಿಲ್ಲ" ಎಂದಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: "ತಿಳಿಯುವ ಮೊದಲು ಹೆದರಬೇಡ. ತಿಳಿದ ಮೇಲೆ ಹೆದರು, ಆ ಹೆದರಿಕೆಗೆ ಬೆಲೆಯುಂಟು." ಈ ಮಾತನ್ನು ನಾನು ಬಚ್ಚಲಿಗೆ ಹೋಗುವಾಗ ಮಂತ್ರದಂತೆ ಹೇಳಿಕೊಳ್ಳುತ್ತಿದ್ದೆ. ಆಲೂಗೆಡ್ಡೆ ವಾಸನೆ ಯಾವುದೋ ಬಳ್ಳಿಯದು, ಹಾವಿನದಲ್ಲ ಎಂದೂ ಅವರೇ ಒಂದು ಕಡೆ ಬರೆದಿದ್ದರು. ಅದನ್ನು ಓದಿ ಧೈರ್ಯ ಬಂತು, ಮೂಗಿಗೆ ಮಾತ್ರ ಬರಲಿಲ್ಲ.

ಊರೂರು ತಿರುಗಿದ ನನಗೆ ಮನೆಯಲ್ಲೇ ಒಬ್ಬರಿದ್ದಾರೆಂದು ತಿಳಿದದ್ದು ತಡವಾಗಿ. ಗೌರಜ್ಜಿಯ ಮಾವ ಅದೇ ನಿಲ್ದಾಣದಲ್ಲಿ ಗೇಟ್‌ಮನ್ ಆಗಿದ್ದರಂತೆ, ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ರೈಲಯ್ಯನವರ ಕ್ವಾರ್ಟರ್ಸಿಗೆ ಹಾಲು ಕೊಡಲು ಹೋಗುತ್ತಿದ್ದರಂತೆ. ನಾನು ಕುಣಿದಾಡಿಬಿಟ್ಟೆ. ಅಜ್ಜಿ ಮಾತ್ರ ಬಾಯಿ ಬಿಡಲಿಲ್ಲ. ಎಲ್ಲ ವಿಷಯಕ್ಕೂ ಗಂಟೆಗಟ್ಟಲೆ ಮಾತಾಡುವವರು ರೈಲಯ್ಯನ ಹೆಸರೆತ್ತಿದರೆ ಹಿತ್ತಲ ಕಡೆ ನೋಡುತ್ತಿದ್ದರು. ನಾನು ಬಿಡದೆ ಕಾಡಿದೆ. ಒಂದು ಮಧ್ಯಾಹ್ನ ಈರುಳ್ಳಿ ಆರಿಸುತ್ತಾ, ತಲೆ ಎತ್ತದೆ, ಒಂದೇ ಒಂದು ಮಾತು ಕೊಟ್ಟರು.

"ಹೆಸ್ರು ಮುಚ್ಚಿಟ್ರೆ ಹಲ್ಲು ಮೊಂಡಾಗಲ್ಲ ಅಂತಿದ್ರು. ಬರ್ಕೊಂಡ್ರೆ ಬರ್ಕೋ. ಇನ್ನ ಕೇಳ್ಬ್ಯಾಡ."

ಯಾರಿಗೆ ಹೇಳಿದ್ದು, ಯಾವಾಗ ಎಂದು ಕೇಳಿದರೆ ಈರುಳ್ಳಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ನಾನು ನನ್ನ ಜಾಣತನ ಖರ್ಚು ಮಾಡಿದೆ. ಹೆಸರು ಮುಚ್ಚಿಡುವುದು ಅಂದರೆ ಕಪಟ, ಹಲ್ಲು ಅಂದರೆ ಅಧಿಕಾರ. ದೊಡ್ಡವರ ಬೂಟಾಟಿಕೆಯ ಬಗ್ಗೆ ಎಂಥ ಮಾತು ಎಂದು ಅದನ್ನು ಸಮಾಜ ಎಂಬ ಭಾಗಕ್ಕೆ ಸೇರಿಸಿದೆ. ಬಳಗದವರೂ ಫೋನಿನಲ್ಲಿ ಕೇಳಿ ಭೇಷ್ ಎಂದರು.

ಈರುಳ್ಳಿ ಕಿತ್ತು ಮುಗಿದಿತ್ತು. ಮಳೆ ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ಆ ವಾರ ನನಗೆ ಮತ್ತೆ ಆ ವಾಸನೆ ಬಂತು, ಹಂಡೆ ಒಲೆಯ ಹತ್ತಿರ. ಮನೆಯಲ್ಲಿ ಆಲೂಗೆಡ್ಡೆ ಇರಲಿಲ್ಲವೆಂದು ಗೊತ್ತಿತ್ತು. ಬಳ್ಳಿಯದು, ಬಳ್ಳಿಯದು ಎಂದುಕೊಂಡು ಒಳಗೆ ಬಂದೆ. ಅದು ಬಳ್ಳಿಯದೋ, ನನ್ನ ಹೆದರಿಕೆಯದೋ, ಇನ್ನೇನೋ, ಇವತ್ತಿಗೂ ಹೇಳಲಾರೆ.

ಮಾರನೆಯ ಸಂಜೆ ಚಂದ್ರಣ್ಣ ತರೀಕೆರೆಗೆ ಹೋಗಿದ್ದರು. ಅಜ್ಜಿ ದೇವರ ದೀಪ ಹಚ್ಚಿ ಕೂತಿದ್ದರು. ನಾನು ಜಗುಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನೀರು ಕಾಯಿಸಲು ಗರಿ ತರುತ್ತೇನೆಂದು ಹಿಂದಕ್ಕೆ ಹೋದ ಸರೋಜಕ್ಕ ಬರಿಗೈಯಲ್ಲಿ ಬಂದು ಹೊಸಿಲ ಮೇಲೆ ಕೂತರು. ಅವರು ಕೂತದ್ದೇ ನನಗೆ ವಿಚಿತ್ರವಾಗಿ ಕಂಡಿತು.

"ಹುಳ ಮುಟ್ತು ಕಣತ್ತೆ," ಎಂದರು. ಜ್ವರ ಬಂದಿದೆ ಎನ್ನುವಷ್ಟು ಮೆತ್ತಗೆ.

ಅಜ್ಜಿ ದಡಕ್ಕನೆ ಎದ್ದು ಬಂದು ಸೊಸೆಯ ಕಾಲುಂಗುರ ಕೀಳತೊಡಗಿದರು. ಉಂಗುರ ಬರುತ್ತಿರಲಿಲ್ಲ. ಗೇಟಿನ ಹತ್ತಿರದ ಆಟೊದವನನ್ನು ಕೂಗು ಎಂದು ನನಗೆ ಹೇಳಿದರು. ಒಂದು ಹುಳಕ್ಕೆ ಆಟೊ ಯಾಕೆ ಎನಿಸಿತು. ಆದರೂ ಅವರ ಗಾಬರಿ ಕಂಡು ನನಗೂ ಗಾಬರಿಯಾಗಿ, ಆಟೊದವನಿಗೆ ಕೂಗಿ, ಮೊಬೈಲಿನಲ್ಲಿ ಆಂಬುಲೆನ್ಸಿಗೂ ಫೋನ್ ಮಾಡಿದೆ. ಹುಳ ಕಚ್ಚಿದೆ ಎಂದೆ. ಆಚೆಯ ದನಿ ಯಾವುದೋ ದೊಡ್ಡ ಊರಿನದು. ಯಾವ ಹುಳ ಮೇಡಂ, ಜೇನೋ, ಚೇಳೋ ಎಂದು ಕೇಳಿತು. ನಾನು ಅದನ್ನೇ ಇವರನ್ನು ಕೇಳಿದೆ.

"ಹುಳ ಕಣ್ರೀ. ಹುಳ ಅಂದ್ರೆ ಹುಳ," ಎಂದರು ಸರೋಜಕ್ಕ. ಅಜ್ಜಿಯ ತುಟಿ ಏನನ್ನೋ ಹೇಳಲು ಹೋಗಿ ಹೋಗಿ ಮುಚ್ಚಿಕೊಳ್ಳುತ್ತಿತ್ತು, ಕಣ್ಣು ಉರಿಯುತ್ತಿದ್ದ ದೀಪದ ಮೇಲಿತ್ತು. ನಾನು ಬಗ್ಗಿ ಪಾದ ನೋಡಿದೆ. ಹಿಮ್ಮಡಿಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಚುಕ್ಕೆ, ಎರಡರಲ್ಲೂ ರಕ್ತ.

ಹೆಸರು ಮುಚ್ಚಿಟ್ಟರೆ ಹಲ್ಲು ಮೊಂಡಾಗುವುದಿಲ್ಲ.

ಆ ಮಾತು ನೆನಪಾದ ಕ್ಷಣದಲ್ಲಿ ಇಡೀ ಮಳೆಗಾಲ ನನ್ನ ಕಣ್ಣೆದುರು ಮಗುಚಿಕೊಂಡಿತು. ಕೊಟ್ಟಿಗೆಯ ಹುಳ, ಬಾವಿಕಟ್ಟೆಯ ಮೇಲೆ ಮಲಗಿದ್ದ ಹುಳ, ಚಂದ್ರಣ್ಣ ದಾರಿ ಬಿಟ್ಟ ಹುಳ. ಅವೆಲ್ಲದರ ನಡುವೆ ನಾನು ಚಪ್ಪಲಿ ಹಾಕಿಕೊಂಡು ಹಾಡು ಗುನುಗುತ್ತಾ ನಡೆದಿದ್ದೆ. ಫೋನಿನಲ್ಲಿ ಹಾವು, ಹಾವು ಕಚ್ಚಿದೆ ಎಂದು ಅರಚಿದೆ. ಗೌರಜ್ಜಿ ತಟ್ಟನೆ ಎದ್ದು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಆ ಅಂಗೈ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

ಆಂಬುಲೆನ್ಸ್ ತರೀಕೆರೆಯಿಂದ ಬರಬೇಕಿತ್ತು, ಕಾಯಲಿಲ್ಲ. ಈರುಳ್ಳಿ ಮೂಟೆ ಸಾಗಿಸುವ ಲಗೇಜ್ ಆಟೊದ ಹಿಂದೆ ಚೀಲಗಳನ್ನು ಹಾಸಿ ಸರೋಜಕ್ಕನನ್ನು ಮಲಗಿಸಿ, ಅವರ ಕಾಲು ಅಲ್ಲಾಡದ ಹಾಗೆ ನಾನು ತೊಡೆಯ ಮೇಲೆ ಹಿಡಿದುಕೊಂಡೆ. ಅಜ್ಜಂಪುರದ ಆಸ್ಪತ್ರೆ ಎಷ್ಟು ದೂರ ಅಂದುಕೊಂಡಿರಿ, ದಿನಾ ನಾನು ಶಾಲೆಗೆ ನಡೆಯುತ್ತಿದ್ದ ದಾರಿಯೇ. ಆ ಸಂಜೆ ಅದು ಮುಗಿಯಲೇ ಇಲ್ಲ. ರೈಲು ಗೇಟು ಹಾಕಿತ್ತು. ಗೂಡ್ಸ್ ಗಾಡಿ, ಬೋಗಿಯ ಹಿಂದೆ ಬೋಗಿ. ಗೌರಜ್ಜಿ ಆ ಗಾಡಿಯನ್ನು ನೋಡುತ್ತಾ ಎದೆಯ ಮೇಲೆ ಕೈಯಿಟ್ಟುಕೊಂಡು ಶಿವಶಿವಾ ಎಂದು ಅಳತೊಡಗಿದರು. ಗಾಡಿ ನೋಡಿ ಯಾಕೆ ಅಷ್ಟು ಅಳುತ್ತಾರೆಂದು ನನಗೆ ಆಗ ತಿಳಿಯಲಿಲ್ಲ.

"ಮೇಡಮ್ಮ, ನೀವು ಇಬ್ಬಿಬ್ರು ಕಾಣ್ತಿದೀರಲ್ರೀ," ಎಂದರು ಸರೋಜಕ್ಕ. ನಾಲಿಗೆ ದಪ್ಪವಾಗಿತ್ತು. ರೆಪ್ಪೆಗಳು ಜಾರುತ್ತಿದ್ದವು. ನನಗೆ ಅಷ್ಟು ಭಯ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ನನ್ನ ಕೈಯಲ್ಲಿ ಹಿಡಿದ ಕಾಲು ಬೆಚ್ಚಗೆ ಊದುತ್ತಿತ್ತು, ಆ ಕಾಲಿನ ಒಡತಿ ಮಾತ್ರ ನನ್ನಿಂದ ದೂರ ಹೋಗುತ್ತಿದ್ದಳು. ಬೋಂಡದ ಕತೆ ಹೇಳಿ ಸರೋಜಕ್ಕ, ನೀವೇ ಹೇಳಬೇಕು ಎಂದು ನಾನು ಬೇಡಿಕೊಂಡೆ. ಅವರು ತುಟಿ ಅಲ್ಲಾಡಿಸಿದರು, ಮಾತು ಬರಲಿಲ್ಲ.

ಆಸ್ಪತ್ರೆಯಲ್ಲಿ ಅಜ್ಜಿ ಹುಳ ಎಂದರಷ್ಟೇ, ಡಾಕ್ಟರು ಮರುಮಾತಿಲ್ಲದೆ ಔಷಧ ಏರಿಸಲು ಹೇಳಿದರು. ಆ ಸೀಮೆಯಲ್ಲಿ ಆ ಮಾತು ತಿಳಿಯದೆ ಇದ್ದವಳು ನಾನೊಬ್ಬಳೇ. ಅಲ್ಲಿಗೇ ಬಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಉಸಿರಿಗೆ ಯಂತ್ರ ಹಾಕಿದರು. ಚಂದ್ರಣ್ಣ ತರೀಕೆರೆಯಿಂದ ನೇರ ಅಲ್ಲಿಗೇ ಬಂದು ಬಾಗಿಲ ಪಕ್ಕ ಕೂತರು. ಬೆಳಗಾದ ಮೇಲೆ ಸರೋಜಕ್ಕ ಕಣ್ಣು ತೆರೆದರೆಂದು ನರ್ಸ್ ಬಂದು ಹೇಳಿದಾಗಲೇ ಆ ಮನುಷ್ಯ ಎದ್ದದ್ದು.

ಆಮೇಲೆ, ಕಾರಿಡಾರಿನ ಬೆಂಚಿನ ಮೇಲೆ, ಬಿಸಿಲು ಕಾಲ ಬುಡಕ್ಕೆ ಬಂದಿದ್ದಾಗ, ಗೌರಜ್ಜಿ ತಾವಾಗಿ ಮಾತು ತೆಗೆದರು. ನನಗೆ ಹೇಳಿದ ಹಾಗಿರಲಿಲ್ಲ, ತಮಗೆ ತಾವೇ ಹೇಳಿಕೊಂಡ ಹಾಗಿತ್ತು.

ರೈಲಯ್ಯನವರ ಹೆಂಡತಿಗೆ ಆದದ್ದೂ ಅದೇ, ಅದೇ ಹೊತ್ತಿನಲ್ಲಿ, ಸೌದೆ ತೆಗೆಯಲು ಹೋದಾಗ. ಹಾಲು ಕೊಡಲು ಹೋಗಿದ್ದ ಅಜ್ಜಿ, ಆಗ ಹೊಸ ಮದುವಣಗಿತ್ತಿ, ನಿಲ್ದಾಣಕ್ಕೆ ಓಡಿದರು. ಗೂಡ್ಸ್ ಗಾಡಿ ಬರುವುದಿತ್ತು, ರೈಲಯ್ಯ ಒಳಗೆ ಅದರ ಕೆಲಸದಲ್ಲಿದ್ದರು. ಅಮ್ಮಾರಿಗೆ ಹುಳ ಮುಟ್ತು ಬುದ್ಧೀ ಎಂದು ಇವರು ಹೇಳಿದರು. ರೈಲಯ್ಯನವರು ಕನ್ನಡ ಕಲಿಯುತ್ತಿದ್ದ ಕಾಲ. ಸುಣ್ಣ ಹಚ್ಚಲು ಹೇಳು, ಗಾಡಿ ದಾಟಿಸಿ ಬರುತ್ತೇನೆ ಎಂದರು.

"ದೀಪ ಹಚ್ಚಿದ್ರು ಕಣವ್ವ. ಆ ಹೆಸ್ರು ಎತ್ತಿದ್ರೆ ವಿಷ ಏರುತ್ತೆ, ಅದ್ರ ಜೋಡಿನೂ ಬರುತ್ತೆ ಅಂತ ನಮ್ಮತ್ತೆ ಹೇಳಿದ್ರು. ಬಾಯಿಗೆ ಬರ್ಲಿಲ್ಲ. ಗಾಡಿ ದಾಟಿಸಿ ಬಂದ್ರು. ಅಷ್ಟೊತ್ಗೆ ಆ ತಾಯಿ ಇರ್ಲಿಲ್ಲ." ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಂಗೆ ಒಂದ್ ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆ ಒಂದ್ ಮಾತು ಮಾತ್ರ ಹೇಳಿದ್ರು. ನೆನ್ನೇನೂ ನಂಗೆ ಬಾಯಿಗೆ ಬರ್ಲಿಲ್ಲ, ನೋಡು. ಇಷ್ಟು ವರ್ಷ ಆದ್ರೂ ಬರ್ಲಿಲ್ಲ."

ರೈಲಯ್ಯ ಹಾವುಗಳ ಬಗ್ಗೆ ಓದಲು ಶುರುಮಾಡಿದ್ದು ಆಮೇಲಂತೆ. ಹುಲ್ಲು, ಹಕ್ಕಿ ಎಲ್ಲ ಅದರ ಹಿಂದೆ ಬಂದವು. ಅವರ ಪುಸ್ತಕಗಳಲ್ಲಿ ಎಲ್ಲ ಕಡೆ ಒಂದು ನೆಮ್ಮದಿಯಿದೆ, ಶಾಂತಿಯಿದೆ ಎಂದು ನಾನು ಮುನ್ನುಡಿಗೆ ಬರೆದಿಟ್ಟುಕೊಂಡಿದ್ದೆ. ಅದು ನೆಮ್ಮದಿಯಲ್ಲ, ಹೆದರಿಕೆಯನ್ನು ಹತ್ತಿರ ಕೂರಿಸಿಕೊಂಡು ಬದುಕಿದ ಮನುಷ್ಯನ ಎಚ್ಚರ ಎಂದು ಆ ಬೆಂಚಿನ ಮೇಲೆ ತಿಳಿಯಿತು. ಮುನ್ನುಡಿಯನ್ನು ಹರಿದು ಹಾಕಿದೆ. ಆ ಮಾತನ್ನು ಸಮಾಜದ ಭಾಗದಿಂದ ಎತ್ತಿ ಪುಸ್ತಕದ ಕೊನೆಯ ಪುಟದಲ್ಲಿ ಒಂಟಿಯಾಗಿ ಇಟ್ಟೆ. ವಿವರಣೆ ಬರೆಯಿರಿ ಎಂದು ಬಳಗದವರು ಒತ್ತಾಯಿಸಿದರು. ಗೌರಜ್ಜಿ ಇರುವ ತನಕ ಬರೆಯುವುದಿಲ್ಲ ಎಂದೆ. ಈಚೆಗೆ ಯಾರೋ ಚುನಾವಣೆಯ ಭಾಷಣದಲ್ಲಿ ಅದನ್ನು ವಿರೋಧ ಪಕ್ಷದವರ ಮೇಲೆ ಬಿಟ್ಟರು, ಚಪ್ಪಾಳೆಯೂ ಬಿತ್ತು. ನನ್ನ ಹಳೆಯ ಜಾಣತನ ನೆನಪಾಗಿ ಟಿವಿ ಆರಿಸಿದೆ.

ಆ ಮಳೆಗಾಲದ ಮುಂದಿನ ಬೇಸಿಗೆಯಲ್ಲೇ ನನಗೆ ಮತ್ತೆ ವರ್ಗವಾಗಿತ್ತು. ಗೌರಜ್ಜಿ ತೀರಿಹೋಗಿ ಈಗ ಎರಡು ವರ್ಷವಾಯಿತು. ಸರೋಜಕ್ಕನ ಕಾಲು ಚಳಿಗಾಲದಲ್ಲಿ ಈಗಲೂ ಜೋಮು ಹಿಡಿಯುತ್ತದಂತೆ, ಉಳಿದಂತೆ ಬಾಯಿ, ಕೈ ಮೊದಲಿನ ಹಾಗೇ. ಆಗಾಗ ಫೋನ್ ಮಾಡುತ್ತಾರೆ, ಬೋಂಡದ ಮಾತೆತ್ತದೆ ಇಡುವುದಿಲ್ಲ.

ಹೋದ ವಾರ ಅವರ ಫೋನು ಬಂದಾಗ ಹೊರಗೆ ಕತ್ತಲಾಗುತ್ತಿತ್ತು. ನಮ್ಮ ಮನೆಯಲ್ಲಿ ಆಗ ತಾನೇ ದೀಪ ಹಚ್ಚಿದ್ದೆ. ಮಳೆ, ಕೊಬ್ಬರಿ ರೇಟು, ನನ್ನ ಮಗಳ ಪರೀಕ್ಷೆ ಎಲ್ಲ ಆದ ಮೇಲೆ, ಏನೂ ವಿಶೇಷವಲ್ಲ ಎನ್ನುವ ದನಿಯಲ್ಲಿ ಹೇಳಿದರು.

"ಮೇಡಮ್ಮ, ಈಗ್ಲೇ ಗರಿ ಹತ್ರ ಹಾವು ಬಂದಿತ್ತು ಕಣ್ರೀ. ನಾಗರಹಾವು. ನಾನೇ ಕೂಗಿ ಕೂಗಿ ಎಲ್ರಿಗೂ ಹೇಳ್ದೆ, ಹಾವು ಹಾವು ಅಂತ."

ನನ್ನ ಎರಡೂ ಕಾಲು ಕುರ್ಚಿಯ ಮೇಲಿದ್ದವು. ದೇವರ ಮನೆಯ ದೀಪದ ಕಡೆ ನೋಡಿದೆ. ಒಂದು ಹೆಸರು ನಾಲಿಗೆಯ ತುದಿಯ ತನಕ ಬಂದು ನಿಂತಿತು, ಎಷ್ಟು ತಳ್ಳಿದರೂ ಆಚೆ ಬರಲಿಲ್ಲ.

"ಹುಳ ಹೋಯ್ತಾ ಸರೋಜಕ್ಕ?" ಎಂದೆ.